ಚರಂಡಿಯ ಲೆಕ್ಕ ಕೇಳುವುದು ಹೇಗೆ?

ಪ್ರಶ್ನೆ: ನಮ್ಮ ಓಣಿಯ ಚರಂಡಿ ಕಾಮಗಾರಿ ಅರ್ಧಕ್ಕೇ ನಿಂತಿದೆ. ಪೂರ್ತಿ ಬಿಲ್ಲು ಪಾವತಿಯಾಗಿದೆ ಎಂಬ ಮಾತಿದೆ. ಪುರಸಭೆಯಲ್ಲಿ ವಿಚಾರಿಸಿದರೆ ‘ಅನುದಾನ ಮುಗಿದಿದೆ’ ಎನ್ನುತ್ತಾರೆ. ಲೆಕ್ಕ ನೋಡುವ ಹಕ್ಕು ನಮಗಿದೆಯೇ?
– ಗೃಹಿಣಿ, ಯಾದಗಿರಿ ಜಿಲ್ಲೆ

ಉತ್ತರ: ಖಂಡಿತ ಇದೆ, ತಾಯಿ. ಲೆಕ್ಕಪರಿಶೋಧನೆಯಲ್ಲೇ ತಲೆ ನರೆಸಿಕೊಂಡವನು ನಾನು. ಇಂಥ ಉಡಾಫೆಯ ಉತ್ತರ ಕೇಳಿದಾಗ ಇಂದಿಗೂ ಸಿಟ್ಟು ಬರುತ್ತದೆ. ಅನುದಾನ ಮುಗಿದಿದ್ದರೆ ಯಾವುದಕ್ಕೆ ಖರ್ಚಾಯಿತೆಂದು ಹೇಳಲೇಬೇಕು.

ನೀವು ಕೇಳಬೇಕಾದ ಮುಖ್ಯ ದಾಖಲೆ ಅಳತೆ ಪುಸ್ತಕ. ಎಂಜಿನಿಯರ್ ಸ್ಥಳದಲ್ಲೇ ಚರಂಡಿಯ ಉದ್ದ, ಅಗಲ, ಆಳ ಅಳೆದು, ಅದರಲ್ಲಿ ಬರೆದು ಸಹಿ ಮಾಡಿದ ಮೇಲೆಯೇ ಬಿಲ್ಲು ಮುಂದೆ ಸಾಗಬೇಕು. ಅದರ ಪ್ರತಿಯ ಜೊತೆಗೆ ಅಂದಾಜು ಪಟ್ಟಿ, ಕಾರ್ಯಾದೇಶ, ಪಾವತಿ ವೋಚರ್‌ಗಳನ್ನೂ ಕೇಳಿ. ಆಮೇಲೆ ಓಣಿಯ ನಾಲ್ವರನ್ನು ಕರೆದುಕೊಂಡು ಟೇಪು ಹಿಡಿದು ಅಳೆಯಿರಿ. ಪುಸ್ತಕದಲ್ಲಿ ನೂರು ಮೀಟರ್ ಇದ್ದು ನೆಲದ ಮೇಲೆ ಅರವತ್ತೇ ಇದ್ದರೆ, ದೂರಿಗೆ ಬೇರೆ ಪುರಾವೆ ಹುಡುಕಬೇಕಾಗಿಲ್ಲ.

2005ರ ಮಾಹಿತಿ ಹಕ್ಕು ಕಾಯ್ದೆ ದಾಖಲೆಗಳನ್ನಷ್ಟೇ ಅಲ್ಲ, ಕಾಮಗಾರಿಯನ್ನೇ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಟ್ಟಿದೆ. ಇದು ಬಹಳ ಜನರಿಗೆ ಗೊತ್ತೇ ಇಲ್ಲ! ಅರ್ಜಿ ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಆದ್ದರಿಂದ ಬೀದಿದೀಪ, ಕುಡಿಯುವ ನೀರಿನ ಗೋಳನ್ನು ಇದರಲ್ಲಿ ಬೆರೆಸಬೇಡಿ. ಸ್ವೀಕೃತಿ ಪಡೆಯದೆ ಕೌಂಟರ್ ಬಿಟ್ಟು ಕದಲಬೇಡಿ.

30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ. ಅಲ್ಲಿಯೂ ನ್ಯಾಯ ಸಿಗದಿದ್ದರೆ ರಾಜ್ಯ ಮಾಹಿತಿ ಆಯೋಗವಿದೆ. ಅದರ ಪೀಠ ಕಲಬುರಗಿಯಲ್ಲೇ ಇರುವುದರಿಂದ ಬೆಂಗಳೂರಿಗೆ ಅಲೆಯಬೇಕೆಂಬ ಅಂಜಿಕೆ ಬೇಡ.