ಕಾರಿನಲ್ಲಿ ಬಿಟ್ಟ ಕ್ಯಾಮೆರಾ

ಪ್ರಶ್ನೆ: ಮದುವೆ ಶೂಟಿಂಗ್ ಮುಗಿಸಿ ಊಟಕ್ಕೆ ಇಳಿದಾಗ ಕ್ಯಾಮೆರಾ, ಲೆನ್ಸ್, ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಸಾಧನ) ಎಲ್ಲ ಕಾರಿನಲ್ಲೇ ಇರುತ್ತವೆ. ಡಿಕ್ಕಿಗೆ ಹಾಕಿ ಲಾಕ್ ಮಾಡಿದರೆ ಸಾಲದೆ? ಕಾರಿನ ವಿಮೆ ಸಿಗುತ್ತದೆಯೆ?

ಉತ್ತರ: ಸಾಲದು. ಹ್ಯಾಚ್‌ಬ್ಯಾಕ್ ಕಾರಾದರೆ ಗಾಜು ಒಡೆದು ಹಿಂದಿನ ಸೀಟು ಮಡಚಿದರೆ ಡಿಕ್ಕಿ ಕೈಗೆ ಸಿಕ್ಕಂತೆಯೇ. ಸಾಮಾನನ್ನು ಮಂಟಪದಲ್ಲೇ ಡಿಕ್ಕಿಗೆ ತುಂಬಿ ಹೊರಡಿ. ಹೋಟೆಲ್ ಮುಂದೆ ನಿಲ್ಲಿಸಿ ಸೀಟಿನಿಂದ ಡಿಕ್ಕಿಗೆ ಸಾಗಿಸುವುದು ಕಳ್ಳನಿಗೆ ದಾರಿ ತೋರಿಸಿದಂತೆ. ಡಿಕ್ಕಿ ಗೋಡೆಗೆ ಅಂಟುವಂತೆ ರಿವರ್ಸ್ ನಿಲ್ಲಿಸಿ. ರಿಮೋಟ್ ಒತ್ತಿದ ಮೇಲೂ ಬಾಗಿಲು ಎಳೆದು ನೋಡಿ. ಹಾರ್ಡ್‌ಕೇಸ್‌ಗಳ ಹಿಡಿಕೆಗೆ ಉಕ್ಕಿನ ಕೇಬಲ್ ಪೋಣಿಸಿ ಸೀಟಿನ ಚೌಕಟ್ಟಿಗೆ ಬೀಗ ಹಾಕಿ. ಕಟರ್ ತಂದವನನ್ನು ಅದು ತಡೆಯದು, ಎಳೆದುಕೊಂಡು ಓಡುವವನನ್ನು ತಡೆಯುತ್ತದೆ. ‘ಆಯಿಲ್ ಸೋರುತ್ತಿದೆ’, ‘ನೋಟು ಬಿದ್ದಿದೆ’ ಎಂದು ಯಾರಾದರೂ ಕರೆದರೆ ಲಾಕ್ ಮಾಡದೆ ಇಳಿಯಬೇಡಿ. ಮೆಮೊರಿ ಕಾರ್ಡ್ ಮಾತ್ರ ಸದಾ ಜೇಬಿನಲ್ಲಿರಲಿ. ಕ್ಯಾಮೆರಾ ಮತ್ತೆ ಕೊಳ್ಳಬಹುದು, ಧಾರೆ ಮತ್ತೆ ಎರೆಸಲಾದೀತೆ?

ಸಾಮಾನ್ಯ ಕಾರು ವಿಮೆ ಒಳಗಿನ ಕ್ಯಾಮೆರಾಕ್ಕೆ ಅನ್ವಯಿಸದು. ಉಪಕರಣಗಳಿಗೆ ಪ್ರತ್ಯೇಕ ಪಾಲಿಸಿ ಬೇಕು. ಯಾರೂ ಇಲ್ಲದ ವಾಹನದಿಂದಾದ ಕಳವಿನ ಷರತ್ತನ್ನು ಸಹಿ ಹಾಕುವ ಮೊದಲೇ ಓದಿ. ಪ್ರತಿ ಕ್ಯಾಮೆರಾ ಬಾಡಿ, ಲೆನ್ಸಿನ ಸೀರಿಯಲ್ ನಂಬರ್, ಬಿಲ್ಲಿನ ಫೋಟೊ ಮೊಬೈಲಿನಲ್ಲಿರಲಿ. ಕರ್ನಾಟಕ ಪೊಲೀಸರಿಗೆ ಆನ್‌ಲೈನ್‌ನಲ್ಲಿ ಸಲ್ಲಿಸುವ ಇ-ಲಾಸ್ಟ್ ವರದಿ ಕಳೆದುಹೋದ ವಸ್ತುಗಳಿಗಷ್ಟೆ. ಕಳವಾದರೆ ಠಾಣೆಯಲ್ಲಿ ಎಫ್‌ಐಆರ್ ಮಾಡಿಸಿ.