ಟೆಕ್ಸಾಸ್‌ನ ಸರ್ಕಾರಿ ಯೂನಿವರ್ಸಿಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದುವವರಿಗೂ ಅಮೆರಿಕದ ಇತಿಹಾಸ ಕಡ್ಡಾಯವಂತೆ, ಹೌದೇ? ಎಸ್ಸೆಸ್ಸೆಲ್ಸಿ ಆದಮೇಲೆ ಇತಿಹಾಸ ಮುಟ್ಟದವರಿಗೆ ಕಷ್ಟವಾಗುತ್ತದೆಯೇ?

ಹೌದು, ಕಡ್ಡಾಯ. ಕಾಲೇಜಿನವರನ್ನು ಎಷ್ಟು ಕೇಳಿಕೊಂಡರೂ ಬಿಡಲಾರರು, ಯಾಕೆಂದರೆ ಇದು ರಾಜ್ಯದ ಕಾನೂನು. ಸರ್ಕಾರದ ದುಡ್ಡಿನಲ್ಲಿ ನಡೆಯುವ ಯಾವ ಕಾಲೇಜಿನಲ್ಲೇ ಡಿಗ್ರಿ ಮಾಡಿ, ಆರು ಕ್ರೆಡಿಟ್ ಅಮೆರಿಕದ ಇತಿಹಾಸ ಓದಬೇಕು. ಅಂದರೆ ಎರಡು ಕೋರ್ಸ್: ಒಂದು ಆರಂಭದಿಂದ 1877ರವರೆಗೆ, ಇನ್ನೊಂದು ಅಲ್ಲಿಂದೀಚೆಗೆ. ಬೇಕಿದ್ದರೆ ಒಂದರ ಬದಲು ಟೆಕ್ಸಾಸ್ ಇತಿಹಾಸ ತೆಗೆದುಕೊಳ್ಳಬಹುದು. ಸರ್ಕಾರ, ಸಂವಿಧಾನದ ಪಾಠಕ್ಕೆ ಇನ್ನೂ ಆರು ಕ್ರೆಡಿಟ್ ಇದೆ. ಅದರ ಗೋಳು ಬೇರೆ.

ನಾನೂ ಪಿಯುಸಿಯಲ್ಲಿ ಸೈನ್ಸ್ ಮಾಡಿ ಹೋದವನೇ. ಇಸವಿ ಬಾಯಿಪಾಠ ಮಾಡುವುದರಲ್ಲಿ ನಮ್ಮನ್ನು ಯಾರು ಮೀರಿಸುತ್ತಾರೆ ಅನ್ನುವ ಧೈರ್ಯ ಇತ್ತು. ಮೊದಲ ಟೆಸ್ಟಿನಲ್ಲಿ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಯಾಕಾಯಿತು ಅಂತ ಕೇಳಿದರು. ಹತ್ತನೇ ಕ್ಲಾಸಿನಲ್ಲಿ 1857ರ ದಂಗೆಗೆ ಬರೆಯುತ್ತಿದ್ದೆವಲ್ಲ, ಹಾಗೇ ಬರೆದೆ: ರಾಜಕೀಯ ಕಾರಣ, ಆರ್ಥಿಕ ಕಾರಣ, ಸಾಮಾಜಿಕ ಕಾರಣ, ಕೊನೆಗೆ ತಕ್ಷಣದ ಕಾರಣ. ಅಲ್ಲಿ ಕೊಬ್ಬು ಸವರಿದ ತೋಟಾ, ಇಲ್ಲಿ 1861ರ ಏಪ್ರಿಲ್‌ನಲ್ಲಿ ಸಮ್ಟರ್ ಕೋಟೆಯ ಮೇಲೆ ಬಿದ್ದ ಗುಂಡು. ಸ್ಕೇಲಿಟ್ಟು ಗೆರೆ ಕೂಡ ಎಳೆದಿದ್ದೆ. ಸಿ ಬಂತು. ಪಕ್ಕದಲ್ಲಿ ಪ್ರೊಫೆಸರ್ ಬರೆದಿದ್ದು ಒಂದೇ ಸಾಲು: ಇದೆಲ್ಲ ಸರಿ, ನೀನೇನು ಹೇಳುತ್ತೀಯ?

ನಿಮಗೂ ತೊಡಕಾಗುವುದು ಅಲ್ಲೇ. ಒಂದು ಹಳೆಯ ಕಾಗದ ಕೈಗೆ ಕೊಡುತ್ತಾರೆ. ಅದನ್ನು ಓದಿ ನಿಮ್ಮದೊಂದು ಮಾತು ಹೇಳಬೇಕು, ಹೇಳಿದ್ದನ್ನು ಆ ಕಾಗದದ ಶಬ್ದಗಳಿಂದಲೇ ಸಾಧಿಸಿ ತೋರಿಸಬೇಕು. ಯುದ್ಧ ನಡೆದದ್ದು ರಾಜ್ಯಗಳ ಹಕ್ಕಿಗಾಗಿ, ಗುಲಾಮಗಿರಿಗೂ ಅದಕ್ಕೂ ಸಂಬಂಧವಿಲ್ಲ ಅನ್ನುವವರು ಅಲ್ಲಿ ಇಂದಿಗೂ ಸಿಗುತ್ತಾರೆ. ನನ್ನ ರೂಮ್‌ಮೇಟ್‌ ಕೂಡ ಹಾಗೇ ನಂಬಿದ್ದ. 1861ರಲ್ಲಿ ಟೆಕ್ಸಾಸ್ ಒಕ್ಕೂಟ ಬಿಟ್ಟಾಗ ಅದಕ್ಕೆ ಕಾರಣ ಕೊಟ್ಟು ಹೊರಡಿಸಿದ ಘೋಷಣೆಯನ್ನು ಪ್ರೊಫೆಸರ್ ನನಗೆ ಓದಲು ಕೊಟ್ಟರು. ಕರಿಯರನ್ನು ಗುಲಾಮರಾಗಿ ಇಟ್ಟುಕೊಳ್ಳುವ ವ್ಯವಸ್ಥೆ ಮುಂದೆಂದೆಂದಿಗೂ ಇರಬೇಕೆಂಬುದೇ ತಮ್ಮ ಉದ್ದೇಶ ಅಂತ ಅವರೇ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ರೂಮ್‌ಮೇಟ್‌ಗೆ ತೋರಿಸಿದೆ. ಎರಡು ದಿನ ಮಾತಾಡಲಿಲ್ಲ.

ಆಮೇಲೆ ನನಗೆ ಇದರ ಚಟ ಹತ್ತಿತು. 1787ರ ಸಂವಿಧಾನದಲ್ಲಿ ಗುಲಾಮ ಅನ್ನುವ ಶಬ್ದವೇ ಇಲ್ಲ ಅಂತ ಗೊತ್ತೇ? ಜನಪ್ರತಿನಿಧಿಗಳ ಲೆಕ್ಕಕ್ಕೆ ಗುಲಾಮರನ್ನು ಐದರಲ್ಲಿ ಮೂರು ಪಾಲು ಎಣಿಸಿದ್ದಾರೆ, ಆದರೆ ಕರೆದಿರುವುದು ‘ಇತರ ವ್ಯಕ್ತಿಗಳು’ ಅಂತ. ಗುಲಾಮಗಿರಿಯ ಹೆಸರು ಸಂವಿಧಾನದೊಳಗೆ ಮೊದಲು ಬರುವುದು 1865ರಲ್ಲಿ, ಅದನ್ನು ರದ್ದು ಮಾಡಿದ 13ನೇ ತಿದ್ದುಪಡಿಯಲ್ಲಿ. ಅಲ್ಲೂ ಒಂದು ಕಿಂಡಿ ಬಿಟ್ಟಿದ್ದಾರೆ: ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ.

ಆ ಕಿಂಡಿ ಎಷ್ಟು ದೊಡ್ಡದು ಅಂತ ನನಗೆ ತಿಳಿದದ್ದು ಚಿಕ್ಕಮ್ಮನ ಊರಿನಿಂದ. ಅವರ ಮನೆ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನಲ್ಲಿ. ನಮ್ಮವರು ತುಂಬ ಇರುವ ಊರು. ‘ಹಿಂದೆ ಸಕ್ಕರೆ ಕಾರ್ಖಾನೆ ಇತ್ತಂತೆ ಕಣೋ, ನಮ್ಮ ಮಂಡ್ಯ ಇದ್ದಂಗೆ’ ಅನ್ನುತ್ತಿದ್ದರು ಚಿಕ್ಕಪ್ಪ. ನಾನು ಎರಡನೇ ಕೋರ್ಸ್ ಓದುತ್ತಿದ್ದ 2018ರಲ್ಲಿ ಅಲ್ಲಿ ಶಾಲೆ ಕಟ್ಟಲು ನೆಲ ಅಗೆದಾಗ 95 ಜನರ ಅಸ್ಥಿ ಸಿಕ್ಕವು. ಗುಲಾಮಗಿರಿ ಹೋದಮೇಲೆ ಕಬ್ಬಿನ ಗದ್ದೆಗಳಿಗೆ ಬಾಡಿಗೆಗೆ ಕೊಟ್ಟಿದ್ದ ಕೈದಿಗಳು, ಕರಿಯರು. ನಾನು ಟರ್ಮ್ ಪೇಪರ್ ಬರೆದದ್ದು ಅದರ ಮೇಲೆಯೇ. ಆಮೇಲೆ ಚಿಕ್ಕಪ್ಪ ಮಂಡ್ಯದ ಮಾತು ಎತ್ತಲಿಲ್ಲ.

ನಮ್ಮವರ ಕಥೆಯೂ ಎರಡನೇ ಕೋರ್ಸಿನಲ್ಲೇ ಬರುತ್ತದೆ, ಪಠ್ಯದಲ್ಲಿ ಹೆಚ್ಚೆಂದರೆ ಅರ್ಧ ಪುಟ. ಆಗ ವಲಸಿಗರಲ್ಲಿ ಪೌರತ್ವ ಸಿಗುತ್ತಿದ್ದದ್ದು ‘ಬಿಳಿಯ’ರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ. 1922ರ ನವೆಂಬರ್‌ನಲ್ಲಿ ಜಪಾನಿನವರೊಬ್ಬರ ಕೇಸಿನಲ್ಲಿ ಸುಪ್ರೀಂ ಕೋರ್ಟು, ಬಿಳಿಯ ಅಂದರೆ ಕಕೇಸಿಯನ್ ಕುಲದವನು, ನೀನು ಅಲ್ಲ ಅಂದಿತು. ಅಮೆರಿಕದ ಸೈನ್ಯದಲ್ಲಿ ದುಡಿದಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರ ವಕೀಲರು ಅದನ್ನೇ ಹಿಡಿದುಕೊಂಡರು: ಅಂದಿನ ಕುಲಶಾಸ್ತ್ರದ ಪ್ರಕಾರ ಇವರೂ ಕಕೇಸಿಯನ್ ತಾನೇ? ಮೂರೇ ತಿಂಗಳಲ್ಲಿ, 1923ರ ಫೆಬ್ರವರಿಯಲ್ಲಿ, ಅದೇ ಕೋರ್ಟು, ಅದೇ ನ್ಯಾಯಮೂರ್ತಿ ಸದರ್ಲೆಂಡ್ ಅವರ ಲೇಖನಿಯಿಂದ, ಶಾಸ್ತ್ರ ಏನಾದರೂ ಹೇಳಲಿ, ಸಾಮಾನ್ಯ ಜನ ಇವರನ್ನು ಬಿಳಿಯರು ಅನ್ನುವುದಿಲ್ಲ ಅಂತ ತೀರ್ಪು ಕೊಟ್ಟಿತು. ಪ್ರೋಗ್ರಾಮ್ ಬರೆಯುವವರು ನೀವು, ಎರಡೂ ತೀರ್ಪನ್ನು ಅಕ್ಕಪಕ್ಕ ಇಟ್ಟು ಓದಿ ನೋಡಿ. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ, ಅದೂ ವರ್ಷಕ್ಕೆ ಬರೀ 100 ವಲಸಿಗರ ಕೋಟಾದೊಂದಿಗೆ. ಆ ಕೋಟಾ ಪದ್ಧತಿ ತೆಗೆದುಹಾಕಿದ 1965ರ ವಲಸೆ ಕಾನೂನು ಬರದಿದ್ದರೆ ಚಿಕ್ಕಪ್ಪ ಶುಗರ್ ಲ್ಯಾಂಡ್‌ನಲ್ಲಿ ಇರುತ್ತಿರಲಿಲ್ಲ.

ಇನ್ನು ನಿಮ್ಮ ಅನುಕೂಲದ ಮಾತು. ಬೇಸಿಗೆಯಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಎರಡು ವರ್ಷದ ಸ್ಥಳೀಯ ಕಾಲೇಜಿನಲ್ಲಿ, ಈ ಇತಿಹಾಸದ ಕೋರ್ಸನ್ನು ಕಡಿಮೆ ಫೀಸಿಗೆ ಮುಗಿಸುವವರು ಬಹಳ ಜನ. ಅಡ್ವೈಸರನ್ನು ಮೊದಲೇ ಕೇಳಿ ಮಾಡಿ. ನನ್ನ ಮಟ್ಟಿಗೆ ಹೇಳುವುದಾದರೆ ಮೊದಲನೆಯದನ್ನು ಹಾಗೆ ಮುಗಿಸಿದರೂ ಎರಡನೆಯದನ್ನು ಕ್ಯಾಂಪಸ್ಸಿನಲ್ಲೇ, ಲ್ಯಾಬ್ ಕಡಿಮೆ ಇರುವ ಸೆಮಿಸ್ಟರಿನಲ್ಲಿ ತೆಗೆದುಕೊಳ್ಳಿ. ಪುಸ್ತಕಕ್ಕೆ ದುಡ್ಡು ಸುರಿಯಬೇಡಿ. ರೈಸ್ ಯೂನಿವರ್ಸಿಟಿಯ ಓಪನ್‌ಸ್ಟ್ಯಾಕ್ಸ್‌ನವರ ಇತಿಹಾಸ ಪಠ್ಯ ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ, ವೀಸಾ ಬರುವಷ್ಟರಲ್ಲಿ ಅರ್ಧ ಓದಿಬಿಡಬಹುದು. ಮೊದಲ ಪ್ರಬಂಧದ ಕರಡನ್ನು ಆಫೀಸ್ ಅವರ್ಸ್‌ಗೆ ಹೋಗಿ ತೋರಿಸಿ, ಮೇಷ್ಟ್ರ ರೂಮಿಗೆ ಹೋಗಲು ನಮ್ಮ ಹುಡುಗರಿಗೆ ಇರುವ ಹೆದರಿಕೆ ಅಲ್ಲಿ ಬೇಡ. ಪರೀಕ್ಷೆಗೆ ಬ್ಲೂ ಬುಕ್ ಅನ್ನುವ ನೀಲಿ ರಟ್ಟಿನ ತೆಳು ಉತ್ತರ ಪುಸ್ತಕವನ್ನು ಎಷ್ಟೋ ಕಡೆ ನಾವೇ ಕೊಂಡು ಒಯ್ಯಬೇಕು. ನಾನು ಬರಿಗೈಲಿ ಹೋಗಿ ಪಕ್ಕದವಳ ಹತ್ತಿರ ಸಾಲ ಕೇಳಿದ್ದೆ. ಹಿಂದಿನ ದಿನವೇ ಎರಡು ತಂದಿಟ್ಟುಕೊಳ್ಳಿ.