ಮೈಸೂರು–ಮಂಡ್ಯ ಸುತ್ತ ವಾಹನಗಳ ಕಾಟವಿಲ್ಲದ ಸೈಕಲ್ ಹಾದಿ ಎಲ್ಲಿದೆ?

ನಾಲೆಯ ಏರಿ ಹಿಡಿಯಿರಿ. ಗುಡ್ಡ, ಕಾಡು ಎಂದು ಹುಡುಕುವ ಅಗತ್ಯವೇ ಇಲ್ಲ. ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ, ಬೆಳಗೊಳ–ಪಾಲಹಳ್ಳಿ ಕಡೆಯ ವಿರಿಜಾ ನಾಲೆ, ಮೈಸೂರಿನ ಪೂರ್ವಕ್ಕೆ ವರುಣಾ ನಾಲೆ: ಎಲ್ಲದರ ಪಕ್ಕದಲ್ಲೂ ನಿರ್ವಹಣೆಗೆಂದು ಮಾಡಿದ ಮಣ್ಣು, ಜಲ್ಲಿಯ ದಾರಿ ಸಿಗುತ್ತದೆ.

ಇಲ್ಲಿ ತುಳಿಯುವುದು ಸುಲಭ. ನೀರು ತಾನಾಗಿ ಹರಿಯಬೇಕಾದ್ದರಿಂದ ನಾಲೆಯನ್ನು ನೆಲದ ಸಮಮಟ್ಟಕ್ಕೆ ಅನುಗುಣವಾಗಿ, ತೀರಾ ಕಡಿಮೆ ಇಳಿಜಾರಿನಲ್ಲಿ ತೋಡಿರುತ್ತಾರೆ. ಹಾಗಾಗಿ ದಾರಿ ಬಳಸಿ ಬಳಸಿ ಹೋಗುತ್ತದೆಯೇ ಹೊರತು ಏರುವುದಿಲ್ಲ. ಹುಲಿಕೆರೆಯಲ್ಲಿ ಮಾತ್ರ ವಿಶ್ವೇಶ್ವರಯ್ಯ ನಾಲೆ ಸುರಂಗದೊಳಗೆ ನುಗ್ಗುತ್ತದೆ. ಅಲ್ಲಿ ನೀವು ಊರ ರಸ್ತೆಗೆ ಇಳಿಯಲೇಬೇಕು.

ಅಪಾಯ ನೀರಿನದೇ. ಹಲವೆಡೆ ತಡೆಗೋಡೆ ಇಲ್ಲ. 2018ರಲ್ಲಿ ಕನಗನಮರಡಿ ಬಳಿ ಬಸ್ಸೇ ನಾಲೆಗೆ ಉರುಳಿತ್ತು. ಕಾಂಕ್ರೀಟ್ ಇಳಿಜಾರಿಗೆ ಪಾಚಿ ಹಿಡಿದಿದ್ದರೆ ಈಜು ಬಲ್ಲವರೂ ಮೇಲೆ ಹತ್ತುವುದು ಕಷ್ಟ. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬಂದರೆ ಹೊಲದ ಬದಿಗೆ ಸರಿದು ನಿಲ್ಲಿ, ನೀರಿನ ಬದಿಗಲ್ಲ. ಕತ್ತಲಾದ ಮೇಲೆ ಬೇಡ.

ಟೈರ್ 40 ಮಿ.ಮೀ. ಆಸುಪಾಸು ಇದ್ದರೆ ಸಾಕು, ಗಾಳಿ ಸ್ವಲ್ಪ ಕಡಿಮೆ ಇರಲಿ. ಮಳೆ ಬಿದ್ದ ಮರುದಿನ ಗದ್ದೆ ಬಯಲಿನ ಅಂಟು ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಚಕ್ರವನ್ನೇ ನಿಲ್ಲಿಸಿಬಿಡುತ್ತದೆ, ಆ ದಿನ ಮನೆಯಲ್ಲಿರುವುದೇ ವಾಸಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಹದವಾದ ಕಾಲ. ಅಂದ ಹಾಗೆ, ಏರಿಯ ಮೇಲೆ ರಾಗಿ ಒಕ್ಕಣೆ ನಡೆದಿದ್ದರೆ ಇಳಿದು ತಳ್ಳಿಕೊಂಡು ಹೋಗಿ.